ಬೇರಿನ ಬಾಗಿಲೂ ಅಣುಜೀವಿಯ ಅಂಗಿಯೂ

ದ್ವಿದಳ ಧಾನ್ಯದ ಗಿಡಗಳು ನೆಲಕ್ಕೆ ಸಾರಜನಕವನ್ನು ಕೂಡಿಸುತ್ತವೆಂಬ ಮಾತನ್ನು ನಮ್ಮ ಶಾಲೆಯ ಚಿಕ್ಕ ಬಾಲಕನೂ ಬಾಯಿಪಾಠವಾಗಿ ಒಪ್ಪಿಸಬಲ್ಲನು. ಬೇರಿನ ಗಂಟಿನಲ್ಲಿ ರೈಜೋಬಿಯಂ ಎಂಬ ಅಣುಜೀವಿ ವಾಸಿಸುತ್ತದೆ; ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತದೆ; ಗಿಡವು ಅದಕ್ಕೆ ಪ್ರತಿಯಾಗಿ ಆಹಾರವನ್ನು ಕೊಡುತ್ತದೆ. ಇಷ್ಟಕ್ಕೆ ಪಾಠ ಮುಗಿಯಿತು, ಎರಡು ಅಂಕವೂ ದೊರೆಯಿತು. ಆದರೆ ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಅಣುಜೀವಿಗಳಿರುವಾಗ, ಅವುಗಳಲ್ಲಿ ರೋಗ ತರತಕ್ಕವೂ ಇರುವಾಗ, ಬೇರು ಇದೊಂದನ್ನು ಮಾತ್ರ ಹೇಗೆ ಗುರುತಿಸಿ ಒಳಕ್ಕೆ ಬಿಟ್ಟುಕೊಳ್ಳುತ್ತದೆ? ಈ ಪ್ರಶ್ನೆಯೇ ಆ ಪಾಠದ ಜೀವಾಳವೆಂದೂ, ಅದನ್ನು ಪ್ರೌಢಶಾಲೆಯಲ್ಲಿ ಕನ್ನಡದಲ್ಲಿಯೇ ಹೇಳತಕ್ಕದ್ದೆಂದೂ ನನ್ನ ಅಭಿಪ್ರಾಯ.

ಪುಣೆಯಲ್ಲಿರುವ ನಮಗೆ ಹೊಲದ ಮಾತೇಕೆ ಎಂದು ಕೆಲವರು ಕೇಳಿಯಾರು. ಈ ನಗರದಲ್ಲಿ ಕನ್ನಡ ಕಲಿಯುವ ಮಕ್ಕಳಲ್ಲಿ ಅನೇಕರ ತಂದೆತಾಯಿಗಳು ಕಲಬುರಗಿ, ವಿಜಯಪುರ, ಯಾದಗಿರಿಗಳ ತೊಗರಿಯ ಹೊಲಗಳನ್ನು ಬಿಟ್ಟು ಕಟ್ಟಡದ ಕೆಲಸಕ್ಕೆ ಬಂದವರು. ಆ ಕಲಬುರಗಿಯ ತೊಗರಿಬೇಳೆಗೇ ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯಿತು. ಮುಂಗಾರು ಬಿದ್ದೊಡನೆ ಊರಿಗೆ ಹೋಗಿ, ಬಿತ್ತಿ, ಮರಳಿ ಬರುವವರೂ ಉಂಟು. ಅಂಥ ಮನೆಗಳಲ್ಲಿ ಜೈವಿಕ ಗೊಬ್ಬರದ ಪೊಟ್ಟಣದ ಮೇಲಿನ ಬರಹವನ್ನು ಓದಿ ಹೇಳಬೇಕಾದವರು ನಮ್ಮ ವಿದ್ಯಾರ್ಥಿಗಳೇ.

ಇನ್ನು ವಿಷಯಕ್ಕೆ ಬರೋಣ. ಬೇರು ಮೊದಲು ಫ್ಲೇವನಾಯ್ಡ್ ಎಂಬ ವಸ್ತುಗಳನ್ನು ಮಣ್ಣಿಗೆ ಸೂಸುತ್ತದೆ. ಅದನ್ನರಿತ ಅಣುಜೀವಿಯು ತನ್ನದೊಂದು ಸಂಕೇತವನ್ನು ಕಳುಹಿಸುತ್ತದೆ. ಆಗ ಬೇರಿನ ರೋಮವು ಬಾಗಿ, ಅಣುಜೀವಿಯನ್ನು ಸುತ್ತಿಕೊಂಡು, ಒಳಕ್ಕೆ ಒಂದು ಸಣ್ಣ ಕೊಳವೆಯ ದಾರಿ ಮಾಡುತ್ತದೆ. ಬಾಗಿಲು ತೆರೆದರೂ ಪ್ರವೇಶ ಇನ್ನೂ ಆಗಲಿಲ್ಲ. ಇಲ್ಲಿ ಬಂದವನ ಅಂಗಿಯನ್ನು ನೋಡಲಾಗುತ್ತದೆ.

ಅಂಗಿಯೆಂದರೆ ಅಣುಜೀವಿಯ ಮೈಯ ಹೊರಗಿರುವ ಸಕ್ಕರೆಸರಗಳ ಹೊದಿಕೆ. ಕೆಲವು ಸರಗಳು ಕೊಬ್ಬಿನ ಬುಡದಿಂದ ಹೊರಪೊರೆಗೆ ನೆಟ್ಟಿರುತ್ತವೆ. ಕೆಲವು ಲೋಳೆಯಾಗಿ ಸುತ್ತಲೂ ಹರಡುತ್ತವೆ. ಕುದುರೆ ಮಸಾಲೆಗೂ ಅದರ ಬಂಧುವಾದ ಮೆಂತ್ಯಕ್ಕೂ ಸಲ್ಲುವ ಅಣುಜೀವಿಯ ಲೋಳೆಯನ್ನು ವಿಜ್ಞಾನಿಗಳು ಬಹಳ ಕೂಲಂಕಷವಾಗಿ ಪರೀಕ್ಷಿಸಿದ್ದಾರೆ. ಎಂಟೆಂಟು ಸಕ್ಕರೆಗಳ ಗುಚ್ಛವೇ ಅಲ್ಲಿ ಮತ್ತೆ ಮತ್ತೆ ಬರುತ್ತದೆ: ಒಂದು ಗ್ಯಾಲಕ್ಟೋಸ್, ಏಳು ಗ್ಲೂಕೋಸ್. ಹೂ ಮಾರುವವಳು ಒಂದು ಕನಕಾಂಬರಕ್ಕೆ ಏಳು ಮಲ್ಲಿಗೆಯಂತೆ ಮಾಲೆ ಕಟ್ಟಿದ ಹಾಗೆ. (ಈ ಮಾಲೆಗೆ ಕವಲುಗಳೂ ಇವೆ, ಉಪಮೆ ಅಷ್ಟಕ್ಕೆ ನಿಲ್ಲುತ್ತದೆ.) ಆದರೆ ಇಲ್ಲಿ ಕಟ್ಟುವ ಕೈ ಒಂದಲ್ಲ. ಗ್ಯಾಲಕ್ಟೋಸನ್ನು ಮೊದಲು ಇಡುವ ಕಿಣ್ವ ಬೇರೆ, ಅದಕ್ಕೆ ಗ್ಲೂಕೋಸನ್ನು ಜೋಡಿಸುವ ಕಿಣ್ವ ಬೇರೆ, ಮುಂದಿನವುಗಳಿಗೆ ಮತ್ತೂ ಬೇರೆ. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ಮೊದಲ ಕಿಣ್ವವೇ ಇಲ್ಲವಾದರೆ ಮಾಲೆಯೂ ಇಲ್ಲ.

ಮಾಲೆಯಿಲ್ಲದಿದ್ದರೆ ಆಗುವುದೇನು? ಲೀ, ಸೈನರ್, ವಾಕರ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೮೫ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ಬಟ್ಟೆಗೆ ಬಿಳುಪು ಕೊಡುವ ಜಾತಿಯ ಒಂದು ಬಣ್ಣವು ಈ ಲೋಳೆಗೆ ಅಂಟಿ, ನೇರಳಾತೀತ ಬೆಳಕಿನಲ್ಲಿ ಹೊಳೆಯುತ್ತದೆ. ಹೊಳೆಯದೆ ಕಪ್ಪಾಗಿ ಉಳಿದ ಅಣುಜೀವಿಗಳನ್ನು ಅವರು ಆರಿಸಿ, ಕುದುರೆ ಮಸಾಲೆಯ ಬೇರಿಗೆ ಸೇರಿಸಿದರು. ಗಂಟುಗಳೇನೋ ಮೂಡಿದವು, ಒಳಗೆ ಅಣುಜೀವಿಗಳಿರಲಿಲ್ಲ. ಗಿಡಕ್ಕೆ ಸಾರಜನಕವೂ ದೊರೆಯಲಿಲ್ಲ. ಬಾಡಿಗೆದಾರನಿಲ್ಲದ ಬರಿಯ ಮನೆ! ಮುಂದೆ ೨೦೧೫ರಲ್ಲಿ ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರೂ ಅವರ ಸಹಕಾರಿಗಳೂ ಇನ್ನೊಂದು ದ್ವಿದಳ ಸಸ್ಯದಲ್ಲಿ ಇಂಥ ಸಕ್ಕರೆಸರವನ್ನು ಗುರುತಿಸುವ ಗ್ರಾಹಕವನ್ನೇ ಕಂಡುಹಿಡಿದರು. ಅಂಗಿಯನ್ನು ನೋಡುವ ಕಣ್ಣು ಬೇರಿಗೆ ಇದೆಯೆಂಬುದು ಹೀಗೆ ಸಿದ್ಧವಾಯಿತು.

ಇಂಥದ್ದನ್ನೆಲ್ಲ ಇಂಗ್ಲಿಷಿನಲ್ಲಿಯೇ ಕಲಿಯಬೇಕು, ಕನ್ನಡಕ್ಕೆ ಇದು ಭಾರ ಎಂಬ ಮಾತು ಪಾಲಕರ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮೆಟ್ರಿಕಿನವರೆಗೆ ಕನ್ನಡದಲ್ಲಿಯೇ ಓದಿದ ನಾನು ಅದನ್ನು ಒಪ್ಪಲಾರೆ. ಆ ಕಿಣ್ವಗಳಿಗೆ ಗ್ಲೈಕೊಸಿಲ್ ಟ್ರಾನ್ಸ್‌ಫರೇಸ್ ಎಂದು ಹೆಸರು. ಇಂಗ್ಲಿಷ್ ಶಾಲೆಯ ಮಗುವಿಗೆ ಅದೇನು ತಾಯ್ನುಡಿಯೆ? ಹೆಸರು ಹಾಗೆಯೇ ಇರಲಿ. 'ಸಕ್ಕರೆ ಜೋಡಿಸುವ ಕಿಣ್ವ' ಎಂದರೆ ಕೆಲಸವಾದರೂ ಮನಸ್ಸಿಗೆ ನಾಟುತ್ತದೆ.

ಅರ್ಥ ತಿಳಿದರೆ ಪೊಟ್ಟಣದ ಬರಹವೂ ಮಾತನಾಡತೊಡಗುತ್ತದೆ. ೨೦೦೬ರಲ್ಲಿ ಜೈವಿಕ ಗೊಬ್ಬರಗಳನ್ನು ೧೯೮೫ರ ರಸಗೊಬ್ಬರ ನಿಯಂತ್ರಣ ಆಜ್ಞೆಯ ಕಕ್ಷೆಗೆ ತರಲಾಯಿತು. ಪುಡಿಯ ರೂಪದ ರೈಜೋಬಿಯಂನಲ್ಲಿ ಗ್ರಾಮಿಗೆ ಕನಿಷ್ಠ ೫ ಕೋಟಿ ಜೀವಂತ ಕೋಶಗಳಿರಬೇಕು, ಹೆಸರಿಸಿದ ಬೆಳೆಯಲ್ಲಿ ಅದು ಫಲಕಾರಿಯಾದ ಗಂಟು ಕಟ್ಟಬೇಕು ಎಂಬುದು ನಿಯಮ. ಜನರು ಅವಧಿಯ ದಿನಾಂಕವನ್ನಾದರೂ ನೋಡುತ್ತಾರೆ, ಬೆಳೆಯ ಹೆಸರನ್ನು ನೋಡುವುದಿಲ್ಲ. ಸೋಯಾ ಅವರೆಯನ್ನೇ ನೋಡಿರಿ. ಹೊರಗಿನಿಂದ ನಮ್ಮ ನೆಲಕ್ಕೆ ಬಂದು ಇಂದು ಬೀದರ, ಬೆಳಗಾವಿಗಳಲ್ಲಿ ಹೇರಳವಾಗಿ ಬೆಳೆಯುತ್ತಿದೆ. ಅದರ ತಳಿಗಳನ್ನು ಇದೇ ಪುಣೆಯ ಆಘಾರ್ಕರ್ ಸಂಶೋಧನಾ ಸಂಸ್ಥೆಯಲ್ಲಿಯೂ ರೂಪಿಸಿದ್ದಾರೆ. ಅದಕ್ಕೆ ಸಲ್ಲುವ ಅಣುಜೀವಿ ಬೇರೆ, ತೊಗರಿಯದು ಬೇರೆ. ತೊಗರಿಯ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕಲಸಿ ಸೋಯಾ ಬೀಜಕ್ಕೆ ಲೇಪಿಸಿದವನು ಫಲ ಕಾಣುವುದು ಕಷ್ಟ. ಬಿಸಿಲಿನಲ್ಲಿ ಇಟ್ಟ ಪೊಟ್ಟಣದಲ್ಲಿ ಅಣುಜೀವಿಗಳು ಸಾಯುತ್ತವೆ. ಅದನ್ನು ಕೊಂಡವನು ಮಣ್ಣನ್ನು ಕೊಂಡಂತೆ.

ನಮ್ಮ ವಿದ್ಯಾರ್ಥಿಗಳು ಪ್ರಯೋಗಕ್ಕೆ ಹೊಲವನ್ನು ಹುಡುಕಬೇಕಾಗಿಲ್ಲ. ಎರಡು ತಗಡಿನ ಡಬ್ಬಿಗಳಲ್ಲಿ ಒಂದೇ ಮಣ್ಣು ತುಂಬಿ ಮೆಂತ್ಯ ಬಿತ್ತಲಿ. ಪುಣೆಯ ಸುತ್ತಲಿನ ಗೌಳಿಗಳು ದನಗಳಿಗೆ ಹಾಕುವ, ಮರಾಠಿಯಲ್ಲಿ ಲಸೂಣ ಘಾಸ ಎನ್ನುವ ಮೇವೇ ನಮ್ಮ ಕುದುರೆ ಮಸಾಲೆ. ಅದು ಬೆಳೆದ ನೆಲದ ಒಂದು ಹಿಡಿ ಮಣ್ಣನ್ನು ಎರಡನೆಯ ಡಬ್ಬಿಗೆ ಮಾತ್ರ ಬೆರೆಸಲಿ. ನಾಲ್ಕೈದು ವಾರಗಳ ಮೇಲೆ ಗಿಡಗಳನ್ನು ಮೆಲ್ಲಗೆ ಕಿತ್ತು, ಬೇರನ್ನು ನೀರಿನಲ್ಲಿ ತೊಳೆದು, ಗಂಟುಗಳನ್ನು ಎಣಿಸಲಿ. ಒಂದೆರಡನ್ನು ಸೀಳಿ ನೋಡಲಿ: ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆದಿದೆ, ಬಿಳಿಚಿಕೊಂಡಿದ್ದರೆ ಕಾರಣವೇನೆಂದು ಅಧ್ಯಾಪಕರನ್ನು ಕೇಳಲಿ.