ಭಾನುವಾರದ ಪಾಠ: 14 ನಿಮಿಷವೋ, 20 ನಿಮಿಷವೋ?

ಹತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಈ ಪ್ರಶ್ನೆಗಳು ಒಮ್ಮೆಯಾದರೂ ಕಿವಿಗೆ ಬಿದ್ದಿರುತ್ತವೆ. ಲೇಪನ ಮಾಡಬೇಕಾದ ವಸ್ತುವನ್ನು ಕ್ಯಾಥೋಡಿಗೇ ಏಕೆ ಕಟ್ಟಬೇಕು? ಡಿ.ಸಿ. ಕರೆಂಟೇ ಏಕೆ ಬೇಕು, ಎ.ಸಿ. ಏಕಾಗದು? ಕಡಿಮೆ ಕರೆಂಟನ್ನು ಹೆಚ್ಚು ಹೊತ್ತು ಏಕೆ ಹರಿಸಬೇಕು? ಪ್ರತಿಯೊಂದಕ್ಕೂ ಗೈಡಿನಲ್ಲಿ ಒಂದೊಂದು ಸಾಲಿನ ಉತ್ತರವಿದೆ. ಮಕ್ಕಳು ಉರು ಹೊಡೆಯುತ್ತಾರೆ, ಅಂಕವೂ ಬರುತ್ತದೆ. ಪರೀಕ್ಷೆ ಮುಗಿದ ಮಾರನೆಯ ದಿನ ಯಾವುದು ಆನೋಡ್, ಯಾವುದು ಕ್ಯಾಥೋಡ್ ಎಂಬುದೇ ಮರೆತುಹೋಗುತ್ತದೆ.

ಈ ಅಂಕಣವನ್ನು ಓದುತ್ತಾ ಬಂದವರಿಗೆ ಗೊತ್ತು. ಪಿಂಪ್ರಿ ಚಿಂಚವಾಡದಲ್ಲಿ ನಾವು ಕೆಲವು ಕನ್ನಡದ ಮನೆಯವರು ಸೇರಿ ಭಾನುವಾರ ಬೆಳಿಗ್ಗೆ ಎರಡು ಗಂಟೆ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇವೆ. ಶಾಲೆ ಇಂಗ್ಲಿಷಿನದು, ಬೀದಿ ಮರಾಠಿಯದು, ನಮ್ಮ ವಿವರಣೆ ಕನ್ನಡದ್ದು. ವಾರವೆಲ್ಲ ಹಿಂಜವಡಿಯಲ್ಲಿ ಕೋಡ್ ಬರೆಯುವ ನನ್ನ ಪಾಲಿಗೆ ಈ ಸಲ ಬಂದದ್ದು ವಿದ್ಯುದ್ವಿಭಜನೆ ಮತ್ತು ವಿದ್ಯುಲ್ಲೇಪನ. ಹೆಸರು ಭಾರವಾಗಿದೆ, ಒಳಗಿರುವುದು ಬರೀ ಕೊಡು-ಕೊಳ್ಳುವ ಲೆಕ್ಕ.

ಮೈಲುತುತ್ತದಿಂದಲೇ ಶುರು ಮಾಡೋಣ. ಮಲೆನಾಡಿನ ಕಡೆಯವರಿಗೆ ಅದನ್ನು ಪರಿಚಯಿಸುವ ಅಗತ್ಯವಿಲ್ಲ. ಅಡಿಕೆಗೆ ಕೊಳೆರೋಗ ಬಾರದಂತೆ ಸುಣ್ಣದ ಜೊತೆ ಸೇರಿಸಿ ಹೊಡೆಯುವ ಬೋರ್ಡೋ ದ್ರಾವಣದ ನೀಲಿ ಹರಳು ಅದೇ. ಪಠ್ಯಪುಸ್ತಕ ಅದನ್ನು ಕಾಪರ್ ಸಲ್ಫೇಟ್ ಎನ್ನುತ್ತದೆ. ನೀರಿಗೆ ಹಾಕಿದಾಗ ಅದು ಎರಡು ಭಾಗವಾಗಿ ಬಿಡಿಸಿಕೊಳ್ಳುತ್ತದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ ಒಂದು ಕಡೆ, ಆ ಎರಡನ್ನು ಹೆಚ್ಚಿಗೆ ಇಟ್ಟುಕೊಂಡ ಸಲ್ಫೇಟ್ ಇನ್ನೊಂದು ಕಡೆ. ಹೀಗೆ ವಿದ್ಯುದಂಶ ಹೊತ್ತ ಕಣವೇ ಅಯಾನು.

ಈ ನೀಲಿ ನೀರಿನಲ್ಲಿ ಎರಡು ಕಡ್ಡಿ ಇಳಿಬಿಟ್ಟು ಬ್ಯಾಟರಿಗೆ ಜೋಡಿಸಿದರೆ, ಧನ ವಿದ್ಯುದಂಶದ ತಾಮ್ರದ ಅಯಾನು ಋಣ ತುದಿಯ ಕಡೆಗೆ, ಅಂದರೆ ಕ್ಯಾಥೋಡಿನತ್ತ ಹೋಗುತ್ತದೆ. ಅಲ್ಲಿ ಬ್ಯಾಟರಿ ಕಳಿಸಿದ ಎರಡು ಎಲೆಕ್ಟ್ರಾನ್ ಪಡೆದು ಮತ್ತೆ ಲೋಹದ ತಾಮ್ರವಾಗಿ ಅಂಟಿಕೊಳ್ಳುತ್ತದೆ. ಇನ್ನೊಂದು ತುದಿಯ ಆನೋಡ್ ಕೂಡ ತಾಮ್ರದ್ದೇ ಆಗಿದ್ದರೆ, ಅಲ್ಲಿನ ಒಂದು ಪರಮಾಣು ಎರಡು ಎಲೆಕ್ಟ್ರಾನ್ ಬಿಟ್ಟುಕೊಟ್ಟು ಅಯಾನಾಗಿ ನೀರಿಗೆ ಇಳಿಯುತ್ತದೆ. ಇತ್ತ ಒಂದು ಜಮಾ, ಅತ್ತ ಒಂದು ಖರ್ಚು. ಆದ್ದರಿಂದಲೇ ದ್ರಾವಣದ ನೀಲಿ ಹಾಗೇ ಉಳಿಯುತ್ತದೆ. ತಾಮ್ರದ ಬದಲು ಇಂಗಾಲದ ಕಡ್ಡಿಯನ್ನು ಆನೋಡ್ ಮಾಡಿ ನೋಡಿ. ಖರ್ಚು ತುಂಬಿಕೊಡುವವರು ಇಲ್ಲ, ಹೊತ್ತು ಹೋದಂತೆ ನೀಲಿ ತೆಳುವಾಗುತ್ತದೆ. ಲೇಪನಕ್ಕೆ ಅದೇ ಲೋಹದ ಆನೋಡ್ ಏಕೆ ಎಂಬ ಪ್ರಶ್ನೆಗೆ ಈ ನೀಲಿಯೇ ಉತ್ತರ.

ಈ ಪದಗಳೆಲ್ಲ 1834ರಲ್ಲಿ ಬಳಕೆಗೆ ಬಂದವು. ಮೈಕೆಲ್ ಫ್ಯಾರಡೆ ತನ್ನ ಪ್ರಯೋಗಗಳಿಗೆ ಸರಿಯಾದ ಹೆಸರು ಬೇಕೆಂದು ವಿದ್ವಾಂಸ ವಿಲಿಯಂ ಹ್ಯೂವೆಲ್‌ನ ಸಲಹೆ ಕೇಳಿ ಗ್ರೀಕ್ ಮೂಲದಿಂದ ಆರಿಸಿಕೊಂಡದ್ದು. ಆನೋಡ್ ಎಂದರೆ ಏರುವ ದಾರಿ, ಕ್ಯಾಥೋಡ್ ಎಂದರೆ ಇಳಿಯುವ ದಾರಿ, ಅಯಾನ್ ಎಂದರೆ ಹೋಗುವುದು. ನಮ್ಮ ಉತ್ತರಾಯಣ, ದಕ್ಷಿಣಾಯನದಲ್ಲಿರುವ ‘ಅಯನ’ಕ್ಕೂ ಹೋಗುವುದೆಂದೇ ಅರ್ಥ. ಭಾಷಾಶಾಸ್ತ್ರದ ಪ್ರಕಾರ ಗ್ರೀಕಿನ ಆ ಧಾತು, ಸಂಸ್ಕೃತದ ಈ ಧಾತು ಒಂದೇ ಬಳ್ಳಿಯವು. ಹಾಗಾಗಿ ಕನ್ನಡದಲ್ಲಿ ‘ಅಯಾನು’ ಎಂದಾಗ ಅದು ಪರಕೀಯ ಅನ್ನಿಸುವುದೇ ಇಲ್ಲ. ಇದನ್ನು ಹೇಳಿದ ಮೇಲೆ ನಮ್ಮ ಮಕ್ಕಳು ‘ಹೋಗುವ ಕಣ’ ಎಂಬುದನ್ನು ಮರೆತಿಲ್ಲ.

ಹಿಂದಿನ ತಿಂಗಳು ಒಂದು ಮಳೆಯ ಭಾನುವಾರ ಈ ಪಾಠ ನಡೆಯುವಾಗ ಹನ್ನೆರಡನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಹಿಂದಿನ ಕುರ್ಚಿಯಲ್ಲಿ ಕುಳಿತಿದ್ದರು. ವಿಜಯಪುರ ಜಿಲ್ಲೆಯವರು. ಮಗಳನ್ನು ಬೈಕಿನಲ್ಲಿ ಬಿಟ್ಟು ಹೋಗುವವರು ಅಂದು ಮಳೆಗೆ ಸಿಕ್ಕಿ ಉಳಿದುಕೊಂಡಿದ್ದರು. ‘ಅಪ್ಪ ಕಂಪನಿಯಲ್ಲಿ ಕೆಲಸ ಮಾಡ್ತಾರೆ’ ಎಂದಷ್ಟೇ ಅವಳು ನಮಗೆ ಹೇಳಿದ್ದಳು. ನಾನು ಬೋರ್ಡಿನ ಮೇಲೆ ಎರಡು ಕಡ್ಡಿ, ಒಂದು ತೊಟ್ಟಿ ಬರೆದದ್ದನ್ನು ನೋಡಿ ಅವರು ಮೆಲ್ಲಗೆ, ‘ಸರ್, ಇದು ನಮ್ಮ ಝಿಂಕ್ ಟ್ಯಾಂಕ್ ಐತಲ್ರೀ’ ಅಂದರು. ಭೋಸರಿಯ ಒಂದು ಸಣ್ಣ ಪ್ಲೇಟಿಂಗ್ ಶಾಪಿನಲ್ಲಿ ಅವರದು ಹನ್ನೊಂದು ವರ್ಷದ ಕೆಲಸ. ವಾಹನಗಳಿಗೆ ಹೋಗುವ ಬೋಲ್ಟು, ಬ್ರಾಕೆಟ್‌ಗಳಿಗೆ ಸತುವಿನ ಲೇಪನ.

ಮುಂದೆ ಕರೆದು ಕೂರಿಸಿದೆವು. ಪಠ್ಯದ ಪ್ರಶ್ನೆಗಳನ್ನೇ ಒಂದೊಂದಾಗಿ ಅವರ ಮುಂದಿಟ್ಟೆ.

ಮೊದಲು ಏನು ಮಾಡುತ್ತೀರಿ? ‘ಮೊದಲ ತೊಳೀತೀವ್ರಿ. ಎಣ್ಣಿ ತೆಗೀಬೇಕು, ಆಮ್ಯಾಲ ಆಸಿಡ್‌ನ್ಯಾಗ ಅದ್ದಿ ಜಂಗು ತೆಗೀಬೇಕು. ಎಣ್ಣಿ ಕೈಲೆ ಮುಟ್ಟಿದ್ರ ಅಲ್ಲಿ ಮಾಲ್ ಹಿಡಿಯೂದಿಲ್ಲ, ಸಿಪ್ಪಿಗತೆ ಎದ್ದು ಬರತೈತಿ.’

ಎ.ಸಿ. ಏಕಾಗದು? ‘ರೆಕ್ಟಿಫೈಯರ್ ಇಲ್ಲದ ಟ್ಯಾಂಕೇ ಇಲ್ರಿ. ಒಮ್ಮೆ ಹೊಸ ಹುಡುಗ ವೈರ್ ಉಲ್ಟಾ ಕೊಟ್ಟಿದ್ದ. ಹತ್ತಿದ್ದೂ ಬಿಟ್ಟು ಹೋತು.’ ಇದಕ್ಕಿಂತ ಚೆನ್ನಾಗಿ ಹೇಳುವುದು ಹೇಗೆ? ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಹೀಗೆ ಹೋಗಿ ಹಾಗೆ ಬರುತ್ತದೆ. ಈ ಕ್ಷಣ ಕ್ಯಾಥೋಡ್ ಆಗಿದ್ದದ್ದು ಮರುಕ್ಷಣ ಆನೋಡ್. ಕೂತ ಲೋಹ ಮತ್ತೆ ಎದ್ದು ಹೋಗುತ್ತದೆ.

ಕರೆಂಟು ಹೆಚ್ಚು ಕೊಟ್ಟರೆ ಬೇಗ ಮುಗಿಯುವುದಿಲ್ಲವೇ? ‘ಅಂಚು ಸುಡತೈತ್ರಿ. ಕರ್ರಗ, ಉಮ್ಮಳಿಕಿ ಪುಡಿಗತೆ ಆಕೈತಿ.’ ಪುಸ್ತಕದ ಮಾತಿನಲ್ಲಿ ಹೇಳುವುದಾದರೆ, ಕ್ಯಾಥೋಡಿನ ಬಳಿಯ ಲೋಹ ಖರ್ಚಾಗುವಷ್ಟು ಬೇಗ ದ್ರಾವಣದಿಂದ ಹೊಸದು ಬಂದು ಸೇರುವುದಿಲ್ಲ. ಅಂಚು, ಮೂಲೆಗಳಿಗೆ ಕರೆಂಟು ಹೆಚ್ಚು ನುಗ್ಗುವುದರಿಂದ ತೊಂದರೆ ಮೊದಲು ಕಾಣುವುದು ಅಲ್ಲೇ.

ಇಷ್ಟಾದ ಮೇಲೆ ಹುಡುಗಿಗೆ ಒಂದು ಲೆಕ್ಕ ಕೊಟ್ಟೆ. ಒಂದು ಬೋಲ್ಟಿನ ಹೊರಮೈ 20 ಚದರ ಸೆಂಟಿಮೀಟರ್. ಅದಕ್ಕೆ 8 ಮೈಕ್ರಾನ್ ದಪ್ಪ ಸತು ಹಿಡಿಸಬೇಕು. ಬೋಲ್ಟಿಗೆ 0.4 ಆಂಪಿಯರ್ ಕರೆಂಟು. ಎಷ್ಟು ಹೊತ್ತು ಬೇಕು?

ಅವಳು ಲೆಕ್ಕ ಹಾಕಿದ್ದು ಹೀಗೆ. 8 ಮೈಕ್ರಾನ್ ಎಂದರೆ 0.0008 ಸೆಂಟಿಮೀಟರ್. 20ರಿಂದ ಗುಣಿಸಿದರೆ 0.016 ಘನ ಸೆಂಟಿಮೀಟರ್ ಸತು. ಸತುವಿನ ಸಾಂದ್ರತೆ 7.14, ಹಾಗಾಗಿ ತೂಕ ಸುಮಾರು 0.114 ಗ್ರಾಂ. ಸತುವಿನ ಒಂದೊಂದು ಪರಮಾಣುವಿಗೂ ಎರಡು ಎಲೆಕ್ಟ್ರಾನ್ ಬೇಕು. ಫ್ಯಾರಡೆಯ ನಿಯಮದಂತೆ 65.4 ಗ್ರಾಂ ಸತುವಿಗೆ 96,500ರ ಎರಡು ಪಟ್ಟು, ಅಂದರೆ 1,93,000 ಕೂಲಂಬ್. ನಮ್ಮ 0.114 ಗ್ರಾಂಗೆ ಸುಮಾರು 337 ಕೂಲಂಬ್. 0.4ರಿಂದ ಭಾಗಿಸಿದರೆ 842 ಸೆಕೆಂಡು. ‘ಹದಿನಾಲ್ಕು ನಿಮಿಷ, ಅಂಕಲ್.’

ಅಪ್ಪ ತಲೆ ಅಲ್ಲಾಡಿಸಿದರು. ‘ಇಲ್ಲವಾ, ಇಪ್ಪತ್ತು ಮಿನಿಟ್ ಬೇಕು. ಹದಿನಾಲ್ಕಕ್ಕ ತೆಗದ್ರ ಮಾಲ್ ರಿಜೆಕ್ಟ್ ಆಗಿ ಬರತೈತಿ.’

ಹುಡುಗಿ ಮತ್ತೆ ಲೆಕ್ಕ ನೋಡಿದಳು. ತಪ್ಪಿಲ್ಲ. ಅಪ್ಪನ ಹನ್ನೊಂದು ವರ್ಷದ ಅನುಭವದಲ್ಲೂ ತಪ್ಪಿಲ್ಲ. ಹಾಗಾದರೆ ಆರು ನಿಮಿಷ ಎಲ್ಲಿಗೆ ಹೋಯಿತು?

ಕರೆಂಟು ಹರಿಯುವಾಗ ಬೋಲ್ಟಿನ ಹತ್ತಿರ ಏನು ಕಾಣುತ್ತದೆ ಎಂದು ಅವರನ್ನೇ ಕೇಳಿದೆ. ‘ಗುಳ್ಳಿ ಏಳತಾವ್ರಿ, ಸಣ್ಣ ಸಣ್ಣ.’ ಹುಡುಗಿ ಪೆನ್ನು ಕೆಳಗಿಟ್ಟು ಅಪ್ಪನ ಮುಖ ನೋಡಿದಳು. ‘ಹೈಡ್ರೋಜನ್!’

ಅಷ್ಟೇ. ಕ್ಯಾಥೋಡಿಗೆ ಬಂದ ಎಲೆಕ್ಟ್ರಾನುಗಳೆಲ್ಲ ಸತುವಿಗೇ ಸಿಗುವುದಿಲ್ಲ. ಒಂದು ಪಾಲನ್ನು ನೀರು ತೆಗೆದುಕೊಂಡು ಹೈಡ್ರೋಜನ್ ಅನಿಲ ಬಿಡುತ್ತದೆ. 14ನ್ನು 20ರಿಂದ ಭಾಗಿಸಿ, 0.7. ಅವರ ಟ್ಯಾಂಕಿನಲ್ಲಿ ನೂರರಲ್ಲಿ ಎಪ್ಪತ್ತು ಪಾಲು ಕರೆಂಟು ಸತುವಿಗೆ, ಮೂವತ್ತು ಪಾಲು ಗುಳ್ಳೆಗೆ. ಕ್ಷಾರದ ಸತು ಟ್ಯಾಂಕುಗಳಲ್ಲಿ ಇದು ಸಹಜವೇ. ಫ್ಯಾರಡೆಯ ನಿಯಮ ಸುಳ್ಳಾಗಲಿಲ್ಲ. ಜಮಾ-ಖರ್ಚಿನಲ್ಲಿ ನಾವು ಬರೆಯದೆ ಬಿಟ್ಟ ಒಂದು ಸಾಲು ಸಿಕ್ಕಿತು.

ಆ ಸಾಲಿಗೆ ಬೆಲೆಯೂ ಇದೆ. ಅವರೇ ಮುಂದುವರಿಸಿದರು. ‘ಭಾಳ ಗಟ್ಟಿ ಬೋಲ್ಟ್ ಬಂದ್ರ ಪ್ಲೇಟಿಂಗ್ ಆದ ಮ್ಯಾಲ ಭಟ್ಟಿಯೊಳಗ ಇಡ್ತೀವ್ರಿ. ಯಾಕಂತ ಸಾಹೇಬ್ರು ಹೇಳಿಲ್ಲ.’ ಹೈಡ್ರೋಜನ್ನಿನ ಒಂದಂಶ ಗುಳ್ಳೆಯಾಗಿ ಹೋಗದೆ ಉಕ್ಕಿನೊಳಕ್ಕೇ ನುಸುಳುತ್ತದೆ. ಗಡಸು ಉಕ್ಕು ಅದರಿಂದ ಪೆಡಸಾಗಿ, ಬಿಗಿದ ಮೇಲೆ ಯಾವತ್ತೋ ಒಂದು ದಿನ ಥಟ್ಟನೆ ಮುರಿಯಬಹುದು. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ಗಂಟೆ ಕಾಯಿಸುವುದು ಆ ಹೈಡ್ರೋಜನ್ನನ್ನು ಹೊರಹಾಕಲಿಕ್ಕೆ. ನಾವು ದಿನಾ ಓಡಾಡುವ ಗಾಡಿಗಳ ಬೋಲ್ಟು ಮುರಿಯದೆ ಇರುವುದರಲ್ಲಿ ಆ ಭಟ್ಟಿಯ ಮುಂದೆ ನಿಂತವರ ಪಾಲೂ ಇದೆ. ‘ಏಕೆ’ ಎಂದು ತಿಳಿದವರು ಅವಸರದ ದಿನವೂ ಆ ಕೆಲಸವನ್ನು ಬಿಡುವುದಿಲ್ಲ.

‘ಏಕೆ’ ತಿಳಿಯುವುದು ಅವರ ಮೈಗೂ ಮುಖ್ಯ. ಕೆಲವು ಪ್ಲೇಟಿಂಗ್ ಟ್ಯಾಂಕುಗಳಲ್ಲಿ ಸಯನೈಡ್ ಇರುತ್ತದೆ. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನ ಚಿನ್ನ-ಬೆಳ್ಳಿ ಲೇಪನಕ್ಕೆ ಪೇಟೆಂಟ್ ಪಡೆದದ್ದೇ ಸಯನೈಡ್ ದ್ರಾವಣದ್ದು. ಅದರಲ್ಲಿ ಲೋಹ ನಿಧಾನವಾಗಿ, ಸಮವಾಗಿ ಕೂರುತ್ತದೆ. ಬೆಳ್ಳಿಯ ಲೇಪನಕ್ಕೆ ಸಿಲ್ವರ್ ನೈಟ್ರೇಟ್ ಏಕೆ ಬೇಡ ಎಂಬ ಪರೀಕ್ಷೆಯ ಪ್ರಶ್ನೆಗೂ ಇದೇ ಉತ್ತರ. ಆದರೆ ಆ ದ್ರಾವಣಕ್ಕೆ ಆಸಿಡ್ ಬೆರೆತರೆ ಹುಟ್ಟುವ ಹೈಡ್ರೋಜನ್ ಸಯನೈಡ್ ಅನಿಲ ನಿಮಿಷಗಳಲ್ಲಿ ಪ್ರಾಣ ತೆಗೆಯುತ್ತದೆ. ಕ್ರೋಮ್ ಲೇಪನದ ಟ್ಯಾಂಕಿನಿಂದ ಏಳುವ ಮಂಜಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇದಕ್ಕೆ ಅಂಕವಿಲ್ಲ. ಹುಡುಗಿ ಮಾತ್ರ ಇದನ್ನು ಕೇಳಿದ ಕೂಡಲೇ, ‘ಅಪ್ಪಾ, ನೀವು ಗ್ಲೌಸ್ ಹಾಕ್ಕೋತೀರಿ ಹೌದಿಲ್ಲೋ? ಊಟ ಎಲ್ಲಿ ಕೂತು ಮಾಡ್ತೀರಿ?’ ಎಂದು ಕೇಳಿದಳು. ಅವರು ನಕ್ಕು, ‘ಹಾಕ್ಕೋತೀನವಾ’ ಅಂದರು. ಊಟದ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅವಳು ಅದನ್ನು ಗಮನಿಸಿದಳು, ನಾವೂ ಗಮನಿಸಿದೆವು.

ಮನೆಯಲ್ಲಿ ಮಾಡಿ ನೋಡಬಯಸುವವರಿಗೆ ಒಂದು ಸಣ್ಣ ಪ್ರಯೋಗ. ಹಳೆಯ ಗಾಜಿನ ಲೋಟದಲ್ಲಿ ನೀರು, ಒಂದು ಚಮಚ ಮೈಲುತುತ್ತ. ಎರಡೂ ತುದಿ ಚೂಪು ಮಾಡಿದ ಪೆನ್ಸಿಲ್ಲನ್ನು ಬ್ಯಾಟರಿಯ ಋಣ ತುದಿಗೆ, ಸಿಪ್ಪೆ ಸುಲಿದ ತಾಮ್ರದ ತಂತಿಯನ್ನು ಧನ ತುದಿಗೆ ಜೋಡಿಸಿ. ಒಂದೂವರೆ ವೋಲ್ಟಿನ ಎರಡು ಸೆಲ್ ಸಾಕು. ಕೆಲವು ನಿಮಿಷದಲ್ಲಿ ಪೆನ್ಸಿಲ್ಲಿನ ಕಪ್ಪು ಮೊನೆ ಕೆಂಪೇರುತ್ತದೆ. ಪೆನ್ಸಿಲ್ ಬದಲು ಕಬ್ಬಿಣದ ಮೊಳೆ ಬೇಡ. ಮೈಲುತುತ್ತದ ನೀರಿನಲ್ಲಿ ಕಬ್ಬಿಣಕ್ಕೆ ಕರೆಂಟೇ ಇಲ್ಲದೆ ತಾಮ್ರ ಹತ್ತುತ್ತದೆ. ಅದು ಸ್ಥಾನಪಲ್ಲಟ, ಬೇರೆ ಪಾಠ. ಮೈಲುತುತ್ತ ವಿಷ, ಆದ್ದರಿಂದ ಕೈಗವಸು ಇರಲಿ, ದೊಡ್ಡವರು ಜೊತೆಗಿರಲಿ, ಆ ಲೋಟ ಮತ್ತೆ ಅಡುಗೆಮನೆಗೆ ಹೋಗದಿರಲಿ. ಉಪ್ಪುನೀರಿನಲ್ಲಿ ಮಾಡಬೇಡಿ, ಕ್ಲೋರಿನ್ ಅನಿಲ ಬರುತ್ತದೆ. ಗೋಡೆಯ ಪ್ಲಗ್ಗಿನ ಹತ್ತಿರವಂತೂ ಸುಳಿಯಲೇಬೇಡಿ.

ಫ್ಯಾರಡೆ ಒಬ್ಬ ಕಮ್ಮಾರನ ಮಗ. ಶಾಲೆ ಕಂಡದ್ದು ಕಡಿಮೆ, ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ ಆ ಪುಸ್ತಕಗಳನ್ನೇ ಓದಿ ಬೆಳೆದವನು. ಕೈಕೆಲಸ ಒಂದು ಕಡೆ, ವಿಜ್ಞಾನ ಇನ್ನೊಂದು ಕಡೆ ಎಂದು ಅವನು ಬೇರೆ ಮಾಡಲಿಲ್ಲ. ಪರವೂರಿಗೆ ಬಂದ ನಮ್ಮಲ್ಲಿ ಆ ಗೋಡೆ ಸುಮ್ಮನೆ ಎದ್ದುಬಿಡುತ್ತದೆ. ಮಕ್ಕಳ ವಿಜ್ಞಾನ ಇಂಗ್ಲಿಷಿನಲ್ಲಿ, ಅಪ್ಪ-ಅಮ್ಮನ ಕೆಲಸ ಕನ್ನಡದಲ್ಲಿ. ಒಂದೇ ಮನೆಯಲ್ಲಿದ್ದರೂ ಎರಡೂ ಭೇಟಿಯಾಗುವುದಿಲ್ಲ. ನಿಮ್ಮ ಪರಿಚಯದಲ್ಲಿ ಪ್ಲೇಟಿಂಗ್, ವೆಲ್ಡಿಂಗ್, ಬಟ್ಟೆಗೆ ಬಣ್ಣ ಹಾಕುವ ಕೆಲಸ, ಬೇಕರಿ, ಯಾವುದೇ ಕೆಲಸದವರಿದ್ದರೂ ಒಂದು ಭಾನುವಾರ ಮಕ್ಕಳ ಮುಂದೆ ಕರೆದು ಕೂರಿಸಿ. ಮಗುವಿನ ಲೆಕ್ಕಕ್ಕೂ ಅವರ ಅನುಭವಕ್ಕೂ ಎಲ್ಲಿ ವ್ಯತ್ಯಾಸ ಬರುತ್ತದೋ ಅಲ್ಲೇ ನಿಂತು ಕೇಳಿ. ಕಲಿಯಬೇಕಾದದ್ದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಮುಂದಿನ ಸಂಚಿಕೆಯಲ್ಲಿ ತುಕ್ಕಿನ ಪಾಠ. ಸತು ಗೀಚಿಹೋದ ಮೇಲೂ ಬೋಲ್ಟನ್ನು ಹೇಗೆ ಕಾಯುತ್ತದೆ ಎಂಬುದನ್ನು ಅಲ್ಲಿ ನೋಡೋಣ. ಅದಕ್ಕೆ ಬೇಕಾದ ತುಕ್ಕು ಹಿಡಿದ ಬೋಲ್ಟುಗಳನ್ನು ತಂದುಕೊಡುವುದಾಗಿ ಭೋಸರಿಯವರು ಆಗಲೇ ಒಪ್ಪಿದ್ದಾರೆ.