ಕರಿಕಿ ಹೊಲಕ್ಕೆ ಬುದ್ಧಿ ಹೇಳಿದರೆ ಹಸನಾಗುತ್ತದೆಯೇ?



ನಿಮ್ಮ ಎರಿ ಹೊಲದಾಗ ಕರಿಕಿ ಬಿತ್ತು ಅಂತ ತಿಳೀರಿ. ಏನು ಮಾಡ್ತೀರಿ? ಬದುವಿನ ಮೇಲೆ ನಿಂತು ಹೊಲಕ್ಕೆ ಬುದ್ಧಿ ಹೇಳುತ್ತೀರಾ? ಬೇಸಿಗೆಯೊಳಗೆ ಆಳಕ್ಕೆ ಹೊಡೆಸುತ್ತೀರಿ, ಬೇರು ಆರಿಸುತ್ತೀರಿ, ಬಿಸಿಲಿಗೆ ಒಣಗಿಸಿ ಸುಡುತ್ತೀರಿ. ಮಳೆ ಬಿದ್ದು ಮತ್ತೆ ಚಿಗಿತರೆ ಮತ್ತೆ ಆರಿಸುತ್ತೀರಿ. ಇದು ಒಂದು ವರ್ಷಕ್ಕೆ ಮುಗಿಯುವ ಕೆಲಸ ಅಲ್ಲ ಅನ್ನುವುದು ನಮ್ಮಲ್ಲಿ ದನ ಕಾಯುವ ಹುಡುಗನಿಗೂ ಗೊತ್ತು. ಚಿಗಿತದ್ದಕ್ಕೆ ಹೊಲವನ್ನು ಯಾರೂ ಬೈಯುವುದಿಲ್ಲ.

ಅದೇ ಮನೆಯೊಳಗ ಒಬ್ಬ ಸೆರೆಗೆ ಬಿದ್ದನೋ, ನಾವೆಲ್ಲ ಬದುವಿನ ಮೇಲೆ ನಿಂತು ಭಾಷಣ ಸುರು ಮಾಡುತ್ತೇವೆ. "ಮನಸು ಗಟ್ಟಿ ಮಾಡ್ಕೊಂಡ್ರ ಎಲ್ಲಾ ಆಕ್ಕೈತಿ" ಅಂತೀವಿ. ಬನಶಂಕರಿಗೆ ಕರೆದೊಯ್ದು ಆಣೆ ಮಾಡಿಸುತ್ತೇವೆ. ಜಾತ್ರೆಯಿಂದ ಬರುವ ಹಾದಿಯಲ್ಲೇ ಅವನು ಆಣೆ ಮುರಿದರೆ, ಇವನು ಮನುಷ್ಯನೇ ಅಲ್ಲ ಅಂತ ತೀರ್ಪು ಕೊಟ್ಟು ಕೈ ತೊಳೆದುಕೊಳ್ಳುತ್ತೇವೆ.

ಬೆಲೆ ಮತ್ತು ಸಾಲದ ಬಗ್ಗೆ ಬರೆಯುವ ಈ ಪತ್ರಿಕೆಯಲ್ಲಿ ಕುಡುಕರ ಪುರಾಣ ಯಾಕೆ ಅಂತ ನೀವು ಕೇಳಬಹುದು. ಲೆಕ್ಕ ಹಾಕಿ ನೋಡ್ರಿ. ಚಟಕ್ಕೆ ಬಿದ್ದವನು ದಿನಕ್ಕೆ 160 ರೂಪಾಯಿ ಕುಡಿಯುತ್ತಾನೆ ಅಂತ ಕಡಿಮೆಯಲ್ಲೇ ಹಿಡಿಯೋಣ. ವರ್ಷಕ್ಕೆ 58,400 ರೂಪಾಯಿ ಆಯಿತು. 2025-26ರ ಹಿಂಗಾರಿ ಮಾರಾಟ ಹಂಗಾಮಿಗೆ ಕೇಂದ್ರ ಸರಕಾರ ಕಡಲೆಗೆ ಗೊತ್ತು ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 5,650. ಆ ಬೆಲೆ ನಮ್ಮ ಕೈಗೆ ಪೂರ್ತಿ ಸಿಕ್ಕಿತು ಅಂತಲೇ ಇಟ್ಟುಕೊಳ್ಳಿ (ನಗಬೇಡಿರಿ, ಲೆಕ್ಕಕ್ಕೆ ಹೇಳಿದೆ). ಹತ್ತು ಕ್ವಿಂಟಲಿಗೂ ಮೇಲೆ ಕಡಲೆ ಬರೀ ಬಾಟಲಿಗೆ ಹೋಯಿತು. ಮಳೆ ನಂಬಿದ ನಮ್ಮ ಹುನಗುಂದ ಸೀಮೆಯ ಎರಿಯಲ್ಲಿ ಎಕರೆಗೆ ನಾಲ್ಕೈದು ಕ್ವಿಂಟಲ್ ಬಂದರೆ ಪುಣ್ಯ. ಅಂದರೆ ಎರಡು ಎಕರೆಯ ಪೂರ್ತಿ ಫಸಲು, ಬೀಜ, ಗೊಬ್ಬರ, ಆಳು, ರಾಶಿ ಮಾಡಿದ ಖರ್ಚು ಕಳೆಯುವ ಮೊದಲೇ ಕುಡಿದು ಮುಗಿಯಿತು. ಆ ಮನೆಯ ಸಾಲ ಯಾವ ಮನ್ನಾದಿಂದ ಹರಿಯುತ್ತದೆ?

ಈಗ ಸರಕಾರದ ಲೆಕ್ಕ ನೋಡ್ರಿ. 2025-26ರ ಮುಂಗಡ ಪತ್ರದಲ್ಲಿ ರಾಜ್ಯ ಸರಕಾರ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟುಕೊಂಡಿತು. ಅದರ ಹಿಂದಿನ ವರ್ಷದ ಗುರಿ 38,525 ಕೋಟಿ. ಕುಡಿಸುವುದಕ್ಕೆ ವರ್ಷ ವರ್ಷ ಗುರಿ ಏರುತ್ತದೆ. ಇಷ್ಟು ಜನರನ್ನು ಈ ಚಟದಿಂದ ಗುಣಪಡಿಸುತ್ತೇವೆ ಅನ್ನುವ ಗುರಿಯನ್ನು ನಿಮ್ಮೂರ ಗೋಡೆಯ ಮೇಲೆ ಯಾರಾದರೂ ಬರೆಸಿದ್ದನ್ನು ಕಂಡಿರಾ? ಸಂವಿಧಾನದ 47ನೆಯ ಕಲಮು, ಮಾದಕ ಪಾನೀಯ ಮತ್ತು ಮಾದಕ ವಸ್ತುಗಳ ಸೇವನೆ ನಿಲ್ಲಿಸಲು ರಾಜ್ಯ ಯತ್ನಿಸಬೇಕು ಅನ್ನುತ್ತದೆ. ಆ ಕಲಮು ಪುಸ್ತಕದಾಗ ಮಲಗೈತಿ.

ಈ ಸರಕಾರವೇ, ರೈತ ಸತ್ತಾಗ ಮಾತ್ರ ನೀತಿವಂತ ಆಗುತ್ತದೆ. ರೈತರ ಆತ್ಮಹತ್ಯೆಗಳನ್ನು ಅಧ್ಯಯನ ಮಾಡಲು ನೇಮಿಸಿದ್ದ ಡಾ. ಜಿ. ಕೆ. ವೀರೇಶ್ ಸಮಿತಿ 2002ರಲ್ಲಿ ವರದಿ ಕೊಟ್ಟಿತು. ಕುಡಿತ, ಜೂಜಿನಂಥ ಚಟಗಳಿಗೆ ಅದು ಹಾಕಿದ ಪಾಲು ದೊಡ್ಡದು, ಸಾಲಕ್ಕೆ ಹಾಕಿದ ಪಾಲು ಸಣ್ಣದು. ನಾವೆಲ್ಲ ಸಿಟ್ಟಾದೆವು. ಸಾಲದಿಂದ ಸತ್ತವನನ್ನು ಕುಡುಕ ಅಂತ ಬರೆದು ಕೈ ತೊಳೆದುಕೊಳ್ಳುತ್ತಾರೆ ಅಂತ ಕೂಗಿದೆವು. ಸಿಟ್ಟು ಖರೇನ. ಆದರೆ ಸಿಟ್ಟಿನಲ್ಲಿ ಒಂದು ಪ್ರಶ್ನೆ ಕೇಳುವುದನ್ನು ಮರೆತೆವು. ಕುಡಿತದಿಂದಲೇ ಸತ್ತ ಅಂತೀರಲ್ಲ, ಮಾರಿದವರು ಯಾರು? ಅದು ರೋಗವಾಗಿದ್ದರೆ ಔಷಧ ಎಲ್ಲಿಟ್ಟಿದ್ದಿರಿ?

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನನ್ನ ಸ್ವಂತ ಅಕ್ಕನ ಮಗ, ಎಂಟು ಎಕರೆ ಎರಿ ಹೊಲದ ಒಕ್ಕಲಿಗ. ದುಡಿಮೆಗಾರ. ಎರಡು ವರ್ಷ ಮಳೆ ಕೈಕೊಟ್ಟು, ಮೂರನೆಯ ವರ್ಷ ಬೆಲೆ ಕೈಕೊಟ್ಟ ಮೇಲೆ ಕುಡಿತ ಸಂಜೆಯಿಂದ ಮುಂಜಾನೆಗೆ ಬಂತು. ಕಾರಹುಣ್ಣಿವಿ ಮರುದಿನ ಹಿರಿಯರೆಲ್ಲ ಕೂಡಿ ಅವನನ್ನು ಹೊಟ್ಟಿನ ಕೋಣೆಯೊಳಗೆ ಹಾಕಿ ಕೀಲಿ ಜಡಿದೆವು. ಕೀಲಿ ನನ್ನ ಬಕ್ಕಣದಲ್ಲೇ ಇತ್ತು. ಎರಡನೆಯ ದಿನ ಕೈ ನಡುಗತೊಡಗಿತು. ಗೋಡೆ ಮೇಲೆ ಹುಳ ಹರಿದಾಡ್ತಾವ ಅಂತ ಚೀರಿದ. ಗಾಳಿ ಬಡಿದೈತಿ ಅಂದು ಅಂಗಾರ ಹಚ್ಚಿದೆವು. ಮೂರನೆಯ ರಾತ್ರಿ ಬಾಯಲ್ಲಿ ನೊರೆ ಬಂದು ಫಿಟ್ಸ್ ಬಂದವು. ಟಂಟಂ ಗಾಡಿಯಲ್ಲಿ ಹಾಕಿಕೊಂಡು ಬಾಗಲಕೋಟೆಗೆ ಓಡಿದೆವು. ಡಾಕ್ಟರು ನನ್ನ ಮುಖ ನೋಡಿ, "ಬಿಡಿಸಾಕ ಹೋಗಿ ಕೊಂದಾ ಹಾಕ್ತಿದ್ರಿ, ಗೌಡ್ರ" ಅಂದರು.

ಆವತ್ತು ತಿಳಿದದ್ದನ್ನು ನಿಮಗೂ ತಿಳಿಸುತ್ತೇನೆ. ವರ್ಷಗಟ್ಟಲೆ ದಿನಾಲೂ ಕುಡಿದ ದೇಹ ದಾರೂಗೆ ಒಗ್ಗಿಕೊಂಡಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೊದಲ ಒಂದೆರಡು ದಿನಗಳಲ್ಲಿ ನಡುಕ, ಬೆವರು, ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಕ್ಕೆ ಕೆಲವರಿಗೆ ಬುದ್ಧಿಭ್ರಮಣೆ ಆಗಿ, ಔಷಧ ಸಿಗದಿದ್ದರೆ ಜೀವವೇ ಹೋಗಬಹುದು. ಆಸ್ಪತ್ರೆಯಲ್ಲಿ ನಡುಕಕ್ಕೆ ಗುಳಿಗೆ ಕೊಟ್ಟು ದಿನದಿಂದ ದಿನಕ್ಕೆ ಇಳಿಸುತ್ತಾರೆ, ಬಿ-1 ಜೀವಸತ್ವದ ಸೂಜಿ ಹಾಕುತ್ತಾರೆ. ಒಂದು ವಾರ, ಹತ್ತು ದಿನದ ಕೆಲಸ. ದುಬಾರಿ ಔಷಧಗಳೇನೂ ಅಲ್ಲ.

ಆದರೆ ಇದು ಆಳಕ್ಕೆ ಹೊಡೆದ ಹಾಗೆ ಅಷ್ಟೇ. ಕರಿಕಿ ಆರಿಸುವುದು ಇನ್ನೂ ಬಾಕಿ. ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್‌ನಂಥ ಗುಳಿಗೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ. ತಿಂಗಳಿಗೊಮ್ಮೆ ಡಾಕ್ಟರ ಮುಂದೆ ಕೂಡಬೇಕು, ಹೆಂಡತಿ ಮಕ್ಕಳ ಸಂಗಡ ಮಾತಾಡಬೇಕು. ನಡುವೆ ಒಮ್ಮೆ ಜಾರಿದರೆ ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಏರಿದ ಹಾಗೆ ತಿಳಿದು ಮತ್ತೆ ಔಷಧ ಸುರು ಮಾಡಬೇಕು. ಇನ್ನೊಂದು ಮಾತು. ಕುಡಿದರೆ ವಾಂತಿ, ಎದೆಬಡಿತ ಬರಿಸುವ ಡೈಸಲ್ಫಿರಾಮ್ ಅನ್ನುವ ಗುಳಿಗೆ ಐತಿ. ಡಾಕ್ಟರು ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆ ಕೊಡುವ ಔಷಧ ಅದು. ಅಂಥದ್ದನ್ನು ಕದ್ದು ಸಾರಿನಲ್ಲಿ ಬೆರೆಸುವ ತಾಯಂದಿರು ನಮ್ಮಲ್ಲಿದ್ದಾರೆ. ಗೊತ್ತಿಲ್ಲದೆ ಅವನು ಅದರ ಮೇಲೆ ಕುಡಿದರೆ ಜೀವಕ್ಕೆ ಅಪಾಯ. ಅಕ್ಕ ತಂಗಿಯರು ದಯಮಾಡಿ ಹಾಗೆ ಮಾಡಬಾರದು.

ಅಕ್ಕನ ಮಗನಿಗೆ ಆ ಎರಡನೆಯ ಭಾಗ ಸಿಗಲಿಲ್ಲ. ಎಂಟು ದಿನಕ್ಕೆ ಮನೆಗೆ ಬಂದ. ಮುಂದೆ ಎಲ್ಲಿ ತೋರಿಸಬೇಕು ಅಂತ ಹೇಳುವವರಿರಲಿಲ್ಲ. ಯಾರೋ ಹೇಳಿದರು ಅಂತ ಅಕ್ಕ ತನ್ನ ಪಾಟಲಿ ಒತ್ತೆ ಇಟ್ಟು, ನೂರಕ್ಕೆ ಮೂರರ ಬಡ್ಡಿಯಲ್ಲಿ ಸಾಲ ಮಾಡಿ, ದೂರದ ಊರಿನ ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಮೂರು ತಿಂಗಳು ಹಾಕಿದಳು. ಅಲ್ಲಿ ಡಾಕ್ಟರ ಮುಖ ಅವನು ಎರಡೇ ಸಲ ನೋಡಿದ್ದು. ಬೆನ್ನ ಮೇಲೆ ಬಾಸುಂಡೆ ಹೊತ್ತು ಬಂದ. ಇಪ್ಪತ್ತೆರಡು ದಿನ ಕುಡಿಯಲಿಲ್ಲ. ಇಪ್ಪತ್ಮೂರನೆಯ ದಿನ ಸಂತೆ ಇತ್ತು. 2021ರ ಚಳಿಗಾಲದಲ್ಲಿ ಅವನೇ ತನ್ನ ಜೀವ ತಕ್ಕೊಂಡ. ಸೊಸೈಟಿ ಸಾಲ, ಕೈಗಡ, ಜೊತೆಗೆ ಚಟ ಬಿಡಿಸಲಿಕ್ಕೆ ಮಾಡಿದ ಸಾಲ, ಎಲ್ಲ ಅಲ್ಲೇ ಇತ್ತು. ಆತ್ಮಹತ್ಯೆ ಮಾಡಿಕೊಂಡ ರೈತನ ಮನೆಗೆ 5 ಲಕ್ಷ ಪರಿಹಾರ ಅಂತ ಸರಕಾರದ ನಿಯಮ ಐತಿ. ಅರ್ಜಿ ತಿರುಗಿ ಬಂತು. ಕಾರಣದ ಜಾಗದಲ್ಲಿ ಎರಡೇ ಶಬ್ದ: ಕುಡಿತದ ಚಟ.

ದಾರೂ ಬಂದ್ ಮಾಡಿದರೆ ಎಲ್ಲ ಸರಿ ಆಗುತ್ತದೆ ಅನ್ನುವವರು ನಮ್ಮಲ್ಲಿ ಬಹಳ ಜನ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯನಿಷೇಧಕ್ಕಾಗಿ ನಡೆದ ತಾಯಂದಿರಿಗೆ ನಾನು ಕೈ ಮುಗಿಯುತ್ತೇನೆ. ಕಿರಾಣಿ ಅಂಗಡಿಯಲ್ಲಿ ಎಣ್ಣೆ ಡಬ್ಬಿಯ ಹಿಂದೆ ಮಾರುವ ಪಾಕೀಟು ನಿಲ್ಲಲೇಬೇಕು. ಆದರೆ ನಮ್ಮ ಅನುಭವ ಏನು ಹೇಳುತ್ತದೆ? ವಿಜಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ 1949ರ ಕಾಯದೆಯ ಪಾನನಿಷೇಧ ಇತ್ತು. ಆಗ ಕಳ್ಳಭಟ್ಟಿಯ ಕತೆ ಹೇಳುತ್ತಿದ್ದ ಅಜ್ಜಂದಿರು ಎಷ್ಟು ಜನ ಇದ್ದರು! 2007ರ ಜುಲೈ 1ರಿಂದ ಸಾರಾಯಿ ಬಂದಾಯಿತು. ಸಾರಾಯಿ ಹೋಯಿತು, ಚಟ ಉಳಿಯಿತು. ಪಾಕೀಟು ಕುಡಿಯುವವನು ಅದಕ್ಕಿಂತ ತುಟ್ಟಿಯ ವಿಸ್ಕಿಗೆ ಹೋದ. ಬಿಹಾರದಲ್ಲಿ 2016ರಿಂದ ನಿಷೇಧ ಐತಿ, 2022ರ ಡಿಸೆಂಬರಿನಲ್ಲಿ ಅಲ್ಲಿನ ಸಾರಣ ಜಿಲ್ಲೆಯಲ್ಲಿ ಕಳ್ಳಸಾರಾಯಿ ಕುಡಿದು ಹತ್ತಾರು ಬಡವರು ಸತ್ತರು. ಅಂಗಡಿ ಮುಚ್ಚಿದ ಮರುದಿನ ಬೆಳಿಗ್ಗೆ ನಡುಗುವ ಕೈಗೆ ಔಷಧ ಯಾರು ಕೊಡಬೇಕು?

ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಅಲ್ಲಿಂದ ಎದ್ದು ಬಂದು ಸಂಸಾರ ಹಿಡಿದವರನ್ನು ನಾನು ಬಲ್ಲೆ. ಶಿಬಿರ ಮುಗಿದ ಮೇಲೆ ನವಜೀವನ ಸಮಿತಿ ಅಂತ ಕೂಡಿಸುತ್ತಾರೆ. ಅದು ತಪ್ಪದೆ ಕೂಡಿದ ಕಡೆ ಜನ ಉಳಿದಿದ್ದಾರೆ. ಅವರನ್ನು ಮೆಚ್ಚೋಣ. ಸಂಘದವರು ಮಾಡುತ್ತಾರೆ ಅಂತ ಸರಕಾರ ಕಾಲು ಚಾಚಿ ಮಲಗುವುದನ್ನು ಯಾಕೆ ಒಪ್ಪಬೇಕು?

ಕೇಂದ್ರದ ಸಾಮಾಜಿಕ ನ್ಯಾಯ ಇಲಾಖೆ ದಿಲ್ಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಏನು ಹೇಳುತ್ತದೆ ಗೊತ್ತೇ? ಮದ್ಯಕ್ಕೆ ಅಂಟಿಬಿದ್ದ 38 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಮಲಗಿಸಿಕೊಂಡು ನೋಡಿದ್ದು 180 ಜನರಲ್ಲಿ ಒಬ್ಬನನ್ನು. ಉಳಿದವರಿಗೆ ನಮ್ಮ ಹೊಟ್ಟಿನ ಕೋಣೆ.

ಆಗದ ಮಾತು ಅಂತ ಅಧಿಕಾರಿಗಳು ಹೇಳಿದರೆ ನಂಬಬೇಡಿರಿ. ಬಳ್ಳಾರಿ ಜಿಲ್ಲೆಯಲ್ಲಿ 1985ರಲ್ಲೇ ಬೆಂಗಳೂರಿನ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ಸಾದಾ ಡಾಕ್ಟರಿಗೆ, ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟು ಮನೋರೋಗದ ಔಷಧವನ್ನು ಹಳ್ಳಿಗೆ ಮುಟ್ಟಿಸಿ ತೋರಿಸಿದರು. ಅದನ್ನೇ ಮಾದರಿ ಮಾಡಿಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹುಟ್ಟಿತು. ಬಳ್ಳಾರಿಯಲ್ಲಿ ನಲವತ್ತು ವರ್ಷದ ಹಿಂದೆ ಆದದ್ದು ಬಾದಾಮಿ, ಹುನಗುಂದ, ಇಲಕಲ್ಲಿನಲ್ಲಿ ಕುಡಿತದ ರೋಗಕ್ಕೆ ಯಾಕೆ ಆಗಬಾರದು? ಕೂಲಿ ಬಿಟ್ಟು, ಮಕ್ಕಳನ್ನು ಬಿಟ್ಟು, ನಡುಗುವ ಗಂಡನನ್ನು ಬಸ್ಸಿನಲ್ಲಿ ಹಿಡಿದುಕೊಂಡು ಹೆಣ್ಣುಮಗಳು ಧಾರವಾಡದ ಡಿಮ್ಹಾನ್ಸ್‌ವರೆಗೆ ಎಷ್ಟು ಸಲ ಹೋದಾಳು?

ಕಾಯದೆಯೂ ನಮ್ಮ ಕಡೆ ಐತಿ. 2017ರ ಮಾನಸಿಕ ಆರೋಗ್ಯ ಕಾಯದೆ ಮದ್ಯ ಮತ್ತು ಮಾದಕ ವಸ್ತುಗಳ ಚಟದಿಂದ ಬರುವ ಮನೋಸ್ಥಿತಿಯನ್ನೂ ರೋಗದೊಳಗೆ ಸೇರಿಸಿದೆ. ಸರಕಾರದ ಚಿಕಿತ್ಸೆ ಪಡೆಯುವುದು ಹಕ್ಕು ಅಂದಿದೆ. ಬಡತನ ರೇಖೆಯ ಕೆಳಗಿನವರಿಗೆ ಪುಕ್ಕಟೆ ಅಂದಿದೆ. ಜಿಲ್ಲೆಯೊಳಗೆ ಸರಕಾರಿ ಸೇವೆ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ತೋರಿಸಿದ ಖರ್ಚು ಸರಕಾರದ್ದೇ ಅಂದಿದೆ. ರೋಗಿಯನ್ನು ಸರಪಳಿಯಿಂದ ಕಟ್ಟಬಾರದು ಅಂತಲೂ ಅಂದಿದೆ. ಕೀಲಿ ಬಕ್ಕಣದಲ್ಲಿಟ್ಟುಕೊಂಡಿದ್ದ ನನಗೆ ಆಗ ಇದು ಯಾವುದೂ ಗೊತ್ತಿರಲಿಲ್ಲ.

ಇನ್ನು ನಮ್ಮ ಬೆನ್ನು ನಾವೇ ನೋಡಿಕೊಳ್ಳೋಣ. ಹಸಿರು ಶಾಲು ಹೊದ್ದು ರಸ್ತಾ ರೋಕೋ ಮಾಡಿ, ಸಂಜೆಗೆ ದಾಬಾದಲ್ಲಿ ಕೂಡುವವರು ನಮ್ಮೊಳಗೇ ಇದ್ದಾರೆ. ರಾಶಿ ಮುಗಿದ ದಿನ ಆಳಿಗೆ ಕೂಲಿಯ ಮೇಲೆ ಕುಡಿಯಾಕ ಅಂತ ನೂರು ರೂಪಾಯಿ ಎಸೆಯುವವರು ಹೊಲದ ಮಾಲಕರಾದ ನಾವೇ. ಕಬ್ಬಿನ ಗ್ಯಾಂಗಿಗೆ ಬಾಟಲಿ ತೋರಿಸಿ ಗಾಡಿ ತುಂಬಿಸುವವರೂ ನಾವೇ. ಪಂಚಾಯತಿ ಇಲೆಕ್ಷನ್ನಿನ ರಾತ್ರಿ ಬಾಗಿಲಿಗೆ ಬಂದ ಪೆಟ್ಟಿಗೆಯನ್ನು ಎಷ್ಟು ಜನ ತಿರುಗಿ ಕಳಿಸಿದ್ದೀರಿ? ಪಟ್ಟಣದಲ್ಲಿ ಓದುವ ಹುಡುಗರ ಕೈಗೆ ಗಾಂಜಾ, ನಶೆ ಗುಳಿಗೆ ಬಂದಾವ ಅಂತ ಈಗ ಗಾಬರಿ ಆಗುತ್ತೇವೆ. ಅವರೂ ನಮ್ಮ ಮನೆಯಲ್ಲೇ ಬೆಳೆದವರು.

ಬೇಡಿಕೆ ಇಷ್ಟು. ತಾಲೂಕು ಆಸ್ಪತ್ರೆಗಳಲ್ಲಿ ಈ ರೋಗಿಗಳಿಗೆ ಅಂತಲೇ ಮಂಚ ಇರಬೇಕು, ಗುಳಿಗೆ ತೀರಿಹೋಗಬಾರದು. ಆಸ್ಪತ್ರೆಯಿಂದ ಬಿಟ್ಟ ಮೇಲೆ ಒಂದು ವರ್ಷ ಆರೋಗ್ಯ ಕಾರ್ಯಕರ್ತರು ಮನೆಗೆ ಹೋಗಿ ವಿಚಾರಿಸಬೇಕು. ಖಾಸಗಿ ಕೇಂದ್ರಗಳ ಒಳಗೆ ಏನು ನಡೆಯುತ್ತದೆ ಅಂತ ಮುನ್ಸೂಚನೆ ಇಲ್ಲದೆ ತಪಾಸಣೆ ಆಗಬೇಕು. ಚಟ ಇತ್ತು ಅನ್ನುವ ಒಂದೇ ಕಾರಣಕ್ಕೆ ಸತ್ತ ರೈತನ ಮನೆಯ ಅರ್ಜಿ ವಾಪಸ್ ಹೋಗಬಾರದು. ರೊಕ್ಕ ಎಲ್ಲಿಂದ ಅಂತ ಕೇಳಿದರೆ 40,000 ಕೋಟಿಯ ಕಡೆ ಬೆರಳು ಮಾಡ್ರಿ.

ಅಲ್ಲಿಯವರೆಗೆ ಸುಮ್ಮನೆ ಕೂಡಬೇಡಿರಿ. ಟೆಲಿ ಮಾನಸ್ ಅನ್ನುವ ಸರಕಾರಿ ಸಹಾಯವಾಣಿ 2022ರಿಂದ ಐತಿ, 14416 ಒತ್ತಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಬರಬೇಕು ಅಂತ ರಾಜ್ಯ ಸರಕಾರವೇ ಮನೋಚೈತನ್ಯ ಅನ್ನುವ ಯೋಜನೆ ಮಾಡಿತ್ತು. ಬರುವ ನಾಲ್ಕು ಮಂಗಳವಾರ ಪ್ರತಿ ಊರಿನಿಂದ ಇಬ್ಬರು ನಿಮ್ಮ ತಾಲೂಕು ಆಸ್ಪತ್ರೆಗೆ ಹೋಗಿ ನೋಡ್ರಿ. ಡಾಕ್ಟರು ಬಂದರೋ ಇಲ್ಲವೋ, ಎಷ್ಟು ಹೊತ್ತು ಕೂತರು, ಯಾವ ಗುಳಿಗೆ ಇತ್ತು, ಯಾವುದನ್ನು ಹೊರಗಿನ ಅಂಗಡಿಗೆ ಬರೆದುಕೊಟ್ಟರು, ಎಲ್ಲ ಒಂದು ನೋಟಬುಕ್ಕಿನಲ್ಲಿ ತಾರೀಖು ಹಾಕಿ ಬರೆಯಿರಿ. ರೋಗಿಗಳ ಹೆಸರು ಬರೆಯಬೇಡಿರಿ. ಆ ನೋಟಬುಕ್ಕುಗಳನ್ನು ಹಿಡಿದುಕೊಂಡೇ ಬಾಗಲಕೋಟೆ ನವನಗರದ ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ. ನಮ್ಮ ಊರಿನಿಂದ ಹೋಗುವ ಇಬ್ಬರಲ್ಲಿ ನಾನೊಬ್ಬ. ಇನ್ನೊಬ್ಬಳು ನನ್ನ ಅಕ್ಕ.