ಮಂಡಿನೋವಿನ ಮದ್ದಿಗೆ ಪುರಾವೆ ಕೇಳಿ

‘ಆಪರೇಷನ್ ಬೇಡ, ಕೆಲವೇ ವಾರಗಳಲ್ಲಿ ಮಂಡಿನೋವು ಮಾಯ’ ಎಂಬ ಜಾಹೀರಾತನ್ನು ನಂಬಿದವರನ್ನು ನಾನು ಹಳಿಯಲಾರೆ. ನೆಲದ ಮೇಲೆ ಕೂತರೆ ಏಳಲಾಗದವರು ಯಾವ ಎಣ್ಣೆಯನ್ನಾದರೂ ಹಚ್ಚಿಯಾರು. ನನ್ನ ಸಿಟ್ಟು ಆ ನೋವನ್ನೇ ಬಂಡವಾಳ ಮಾಡಿಕೊಂಡವರ ಮೇಲೆ, ಅವರಿಗೆ ದಾರಿ ಬಿಟ್ಟುಕೊಟ್ಟ ಸರ್ಕಾರದ ಮೇಲೆ.

ಸಂಧಿವಾತ ವಾಸಿಮಾಡುತ್ತೇವೆಂದು ಮದ್ದಿನ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ಪೂರ್ವಾನುಮತಿ ಬೇಕೆಂಬ 170ನೇ ನಿಯಮ 2018ರಲ್ಲಿ ಬಂತು. 2024ರ ಜುಲೈನಲ್ಲಿ ಆಯುಷ್ ಸಚಿವಾಲಯ ಅದನ್ನು ಕೈಬಿಟ್ಟಿತು. ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ಕೊಟ್ಟ ತಡೆಯೂ ಮರುವರ್ಷ ತೆರವಾಯಿತು. ಇದು ಪರಂಪರೆಗೆ ಸಂದ ಗೌರವವೆಂದು ವಾದಿಸುವವರಿದ್ದಾರೆ. ಪುರಾವೆ ತೋರಿಸು ಎಂದರೆ ಪರಂಪರೆಗೆ ಯಾವ ಅವಮಾನ?

‘ನನಗೆ ಗುಣವಾಯಿತಲ್ಲ’ ಎಂಬ ಮಾತು ಸುಳ್ಳಲ್ಲ, ಆದರೆ ಸಾಲದು. ಮಂಡಿ ಸವೆತದ ನೋವು ಏರುತ್ತದೆ, ಇಳಿಯುತ್ತದೆ. ತೀರಾ ಏರಿದಾಗ ನಾವು ಮದ್ದು ಹುಡುಕುತ್ತೇವೆ. ಅದು ತಾನಾಗಿ ಇಳಿದರೂ ಹೆಸರು ಮದ್ದಿಗೆ. ಅಮೆರಿಕದಲ್ಲಿ 1,583 ಮಂದಿಯ ಮೇಲೆ ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಗುಳಿಗೆಗಳನ್ನು ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಔಷಧವೇ ಇಲ್ಲದ ಹುಸಿಗುಳಿಗೆ ನುಂಗಿದವರಲ್ಲೂ ನೂರಕ್ಕೆ 60 ಮಂದಿಗೆ ನೋವು ತಗ್ಗಿತ್ತು! ಒಟ್ಟಾರೆ ನೋಡಿದರೆ ಅಸಲಿ ಗುಳಿಗೆ ಅದಕ್ಕಿಂತ ಮೇಲೆನಿಸಲಿಲ್ಲ. ಇಂದಿಗೂ ಆ ಗುಳಿಗೆ ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಸಿಗುತ್ತದೆ.

ಅಲೋಪತಿಯವರಿಗೂ ಇದೇ ಪ್ರಶ್ನೆ ಹಾಕಬೇಕು. ನಮ್ಮದೇ ರಕ್ತದಿಂದ ತಯಾರಿಸಿ ಮಂಡಿಗೆ ಚುಚ್ಚುವ ಪಿಆರ್‌ಪಿಯನ್ನು ಆಸ್ಟ್ರೇಲಿಯಾದ ಸಂಶೋಧಕರು 288 ಮಂದಿಯಲ್ಲಿ ಉಪ್ಪುನೀರಿನ ಇಂಜೆಕ್ಷನ್ ಜೊತೆ ಹೋಲಿಸಿದರು. ವರ್ಷ ಕಳೆದ ಮೇಲೆ ನೋವಿನಲ್ಲಾಗಲಿ ಮೃದ್ವಸ್ಥಿಯಲ್ಲಾಗಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2021ರಲ್ಲಿ ಇದು ಪ್ರಕಟವಾದ ಮೇಲೂ ಸಾವಿರಾರು ರೂಪಾಯಿ ಪಡೆದು ಅದನ್ನು ಚುಚ್ಚುವುದು ನಿಂತಿಲ್ಲ.

ಹಣ ಹೋದರೆ ಹೋಗಲಿ ಎನ್ನಬಹುದು. ರುಮಟಾಯ್ಡ್ ಸಂಧಿವಾತದಲ್ಲಿ ಹೋಗುವುದು ಕೀಲೇ. ಮೊದಲ ಕೆಲವು ತಿಂಗಳಲ್ಲೇ ಮೆಥೊಟ್ರೆಕ್ಸೇಟ್‌ನಂಥ ಔಷಧ ಶುರುವಾದರೆ ಸವೆತವನ್ನು ಬಹುಮಟ್ಟಿಗೆ ತಡೆಯಬಹುದು. ಆ ತಿಂಗಳುಗಳನ್ನು ಚೂರ್ಣದಲ್ಲಿ ಕಳೆದವರಿಗೆ ಸೊಟ್ಟಗಾದ ಬೆರಳು ಮತ್ತೆ ನೆಟ್ಟಗಾಗದು. ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನದಲ್ಲಿ ನೋವು ಕಳೆದರಂತೂ ಅನುಮಾನ ಪಡಲೇಬೇಕು. ಅಂಥ ಪುಡಿಗಳಲ್ಲಿ ಗುಟ್ಟಾಗಿ ಬೆರೆಸಿದ ಸ್ಟೀರಾಯ್ಡ್ ಸಿಕ್ಕ ಉದಾಹರಣೆಗಳಿವೆ. ಅದು ಸಕ್ಕರೆ ಏರಿಸುತ್ತದೆ, ಮೂಳೆ ಟೊಳ್ಳು ಮಾಡುತ್ತದೆ; ಬಹುಕಾಲ ತಿಂದು ಥಟ್ಟನೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಈಗಾಗಲೇ ತಿನ್ನುತ್ತಿರುವವರು ಆ ಪೊಟ್ಟಣವನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸಿ, ಅವರು ಹೇಳಿದಂತೆ ಬಿಡಬೇಕು. ಸರ್ಕಾರ 170ನೇ ನಿಯಮವನ್ನು ಮರಳಿ ತರಬೇಕು, ಪುಡಿಗಳ ಮಾದರಿ ಪರೀಕ್ಷಿಸಿ ವರದಿಯನ್ನು ತಯಾರಕರ ಹೆಸರಿನ ಸಮೇತ ಪ್ರಕಟಿಸಬೇಕು.